ಸ್ಲಡ್ಜ್ ಹಿಂಡೋ ಮಷೀನ್ ಆರಿಸೋ ಮುಂಚೆ ಸ್ಲಡ್ಜ್ ಹೇಗೆ ಕೂರುತ್ತೆ ಅಂತ ನೋಡಿ

ಕೊಳಚೆ ನೀರು ಶುದ್ಧ ಮಾಡೋ ಪ್ಲಾಂಟಲ್ಲಿ ಉಳಿಯೋ ಕೆಸರು, ಅಂದ್ರೆ ಸ್ಲಡ್ಜ್, ಹಿಂಡಿ ನೀರು ತೆಗೆಯೋಕೆ ಸೆಂಟ್ರಿಫ್ಯೂಜ್ ತಗೊಳ್ಳೋದಾ, ಬೆಲ್ಟ್ ಪ್ರೆಸ್ ತಗೊಳ್ಳೋದಾ, ಇಲ್ಲಾ ಸ್ಕ್ರೂ ಪ್ರೆಸ್ಸಲ್ಲೇ ಕೆಲಸ ಮುಗಿಯುತ್ತಾ ಅಂತ ಯಾರೇ ಕೇಳಿದ್ರೂ ನಾನು ತಿರುಗಿ ಎರಡು ಪ್ರಶ್ನೆ ಕೇಳ್ತೀನಿ. ನಿಮ್ಮ ಏರೇಶನ್ ಟ್ಯಾಂಕಿನ, ಅಂದ್ರೆ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸೋ ತೊಟ್ಟಿಯ ಸ್ಲಡ್ಜ್ 30 ನಿಮಿಷದಲ್ಲಿ ಎಲ್ಲಿವರೆಗೆ ಕೂರುತ್ತೆ? ಮಷೀನಿಗೆ ಮುಂಚೆ ಸ್ಲಡ್ಜ್ ಗಟ್ಟಿ ಮಾಡೋ ಥಿಕನರ್‌ನಿಂದ ಹೊರಗೆ ಬರೋದರಲ್ಲಿ ಒಣ ಸಾಲಿಡ್ಸ್ (ಘನ ಪದಾರ್ಥ) ಎಷ್ಟು ಪರ್ಸೆಂಟ್? ಸುಮಾರು ಕಡೆ ಇದಕ್ಕೆ ಉತ್ತರ ಸಿಗಲ್ಲ, ಆದ್ರೆ ಮೂರು ಕಂಪನಿ ಕೊಟೇಶನ್ ಮಾತ್ರ ಆಗ್ಲೇ ಮೇಜಿನ ಮೇಲೆ ಬಂದು ಕೂತಿರುತ್ತೆ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 1000 ಕೆಜಿ ಒಣ ಸಾಲಿಡ್ಸ್ ಹೊರಗೆ ಹಾಕ್ಬೇಕು ಅನ್ಕೊಳ್ಳಿ. ಅದು 0.8 ಪರ್ಸೆಂಟ್ ಇದ್ರೆ 125 ಘನ ಮೀಟರ್ ಸ್ಲಡ್ಜ್ ಆಯ್ತು. ಥಿಕನಿಂಗ್ ಮಾಡಿ 4 ಪರ್ಸೆಂಟಿಗೆ ತಂದ್ರೆ ಬರೀ 25 ಘನ ಮೀಟರ್. ಬೆಲ್ಟ್ ಪ್ರೆಸ್ 20 ಪರ್ಸೆಂಟ್ ಕೇಕ್, ಅಂದ್ರೆ ಹಿಂಡಿದ ಮೇಲೆ ಉಳಿಯೋ ಗಟ್ಟಿ ಸ್ಲಡ್ಜ್, ಕೊಟ್ರೆ 5, ಸೆಂಟ್ರಿಫ್ಯೂಜ್ 25 ಪರ್ಸೆಂಟ್ ಕೊಟ್ರೆ 4. ನೋಡಿ, 125ರಲ್ಲಿ 100 ಘನ ಮೀಟರ್ ನೀರು ಮಷೀನಿಗೆ ಬರೋ ಮುಂಚೇನೇ ಹೋಗ್ಬಿಟ್ಟಿದೆ, ನಾವು ತಿಂಗಳುಗಟ್ಟಲೆ ಚರ್ಚೆ ಮಾಡೋದು ಕೊನೇ ಒಂದು ಘನ ಮೀಟರ್ ಬಗ್ಗೆ. ಹಾಗಂತ ಆ ಒಂದು ಘನ ಮೀಟರ್ ಚಿಕ್ಕದು ಅಂತಲೂ ಅಲ್ಲ, ಯಾಕಂದ್ರೆ ಲಾರಿಗೆ ತುಂಬಿ ಸಾಗಿಸೋದು ಅದನ್ನೇ, 5ರಲ್ಲಿ 1 ಅಂದ್ರೆ ಸಾಗಾಟದಲ್ಲಿ ಐದನೇ ಒಂದು ಭಾಗ ದಿನಾ ಉಳಿಯುತ್ತೆ. ಎರಡೂ ನಿಜ. ಆದ್ರೆ ಮೊದಲನೇ 100 ಸರಿಯಾಗಿ ಹೋಗ್ಲಿಲ್ಲ ಅಂದ್ರೆ ಕೊನೇ 1ರ ಬಗ್ಗೆ ಮಾತಾಡೋದ್ರಲ್ಲಿ ಅರ್ಥ ಇಲ್ಲ. ಥಿಕನರ್ 4ರ ಬದಲು 2 ಪರ್ಸೆಂಟ್ ಕೊಡ್ತಿದ್ರೆ ಮಷೀನಿಗೆ ಹೋಗೋದು 25 ಅಲ್ಲ, 50 ಘನ ಮೀಟರ್, ಅಂದ್ರೆ ಅದೇ ಮಷೀನ್ ಡಬಲ್ ಹೊತ್ತು ಓಡ್ಬೇಕು ಇಲ್ಲಾ ಡಬಲ್ ಸೈಜ್ ಮಷೀನ್ ತರ್ಬೇಕು.

ಮೊದಲು ಸಿಲಿಂಡರ್ ಮುಂದೆ ಅರ್ಧ ಗಂಟೆ ನಿಲ್ಲಿ

ಏರೇಶನ್ ಟ್ಯಾಂಕಿನ ಕೊನೇಲಿ, ಸ್ಲಡ್ಜ್ ಕೂತು ನೀರು ತಿಳಿಯಾಗೋ ಕ್ಲಾರಿಫೈಯರ್ ತೊಟ್ಟಿಗೆ ಹೋಗೋ ಜಾಗದಲ್ಲಿ ಸ್ಯಾಂಪಲ್ ತಗೊಂಡು ಒಂದು ಲೀಟರ್ ಸಿಲಿಂಡರಿಗೆ ಹಾಕಿ. ಸಾಧ್ಯ ಆದ್ರೆ ಉದ್ದ ಸಣ್ಣ ಸಿಲಿಂಡರಿಗಿಂತ ಅಗಲ ಬಾಯಿಯ ಎರಡು ಲೀಟರ್ ಜಾರ್ ಉಪಯೋಗಿಸಿ, ಸಣ್ಣದರಲ್ಲಿ ಸ್ಲಡ್ಜ್ ಗಾಜಿನ ಗೋಡೆಗೆ ಅಂಟ್ಕೊಂಡು ಇರೋದಕ್ಕಿಂತ ಕೆಟ್ಟದಾಗಿ ಕಾಣುತ್ತೆ. ಹಾಕಿಟ್ಟು ಹೋಗಿ 30 ನಿಮಿಷ ಆದ್ಮೇಲೆ ಬಂದು ನಂಬರ್ ಬರ್ಕೊಳ್ಳೋದಲ್ಲ, ಮೊದಲ 5 ನಿಮಿಷ ಅಲ್ಲೇ ನಿಂತು ನೋಡ್ಬೇಕು. ಒಳ್ಳೆ ಸ್ಲಡ್ಜ್ ಆದ್ರೆ ಒಂದೆರಡು ನಿಮಿಷದಲ್ಲಿ ಕಂದು ಬಣ್ಣದ ಕಣಗಳು ಒಂದಕ್ಕೊಂದು ಹಿಡ್ಕೊಂಡು ಚಿಕ್ಕ ಚಿಕ್ಕ ಉಂಡೆ ಆಗ್ತವೆ, ಆಮೇಲೆ ಇಡೀ ಪದರ ಒಟ್ಟಿಗೆ ಕಂಬಳಿ ಥರ ಕೆಳಗೆ ಇಳಿಯುತ್ತೆ, ಇಳೀತಾ ಇಳೀತಾ ಮೇಲಿನ ನೀರಲ್ಲಿ ಇರೋ ಸಣ್ಣ ಪುಟ್ಟ ಕಣಗಳನ್ನೂ ಸೋಸ್ಕೊಂಡು ಹೋಗುತ್ತೆ, ಮೇಲೆ ಉಳಿಯೋ ನೀರು ತಿಳಿಯಾಗಿರುತ್ತೆ.

30 ನಿಮಿಷಕ್ಕೆ ಒಂದು ಲೀಟರಿಗೆ ಎಷ್ಟು ಮಿಲಿ ಲೀಟರ್‌ನಲ್ಲಿ ನಿಂತಿದೆ ಅನ್ನೋದನ್ನ 1000ದಿಂದ ಗುಣಿಸಿ ಎಂಎಲ್‌ಎಸ್‌ಎಸ್‌ನಿಂದ (ಏರೇಶನ್ ಟ್ಯಾಂಕಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಸಾಲಿಡ್ಸ್ ಅನ್ನೋದ್ರಿಂದ) ಭಾಗಿಸಿದ್ರೆ ಎಸ್‌ವಿಐ, ಅಂದ್ರೆ ಸ್ಲಡ್ಜ್ ವಾಲ್ಯೂಮ್ ಇಂಡೆಕ್ಸ್ ಸಿಗುತ್ತೆ, ಇದು 1934ರಲ್ಲಿ ಮೋಲ್‌ಮನ್ ಅನ್ನೋರು ಕೊಟ್ಟ ಸೂಚ್ಯಂಕ, ಇಷ್ಟು ವರ್ಷ ಆದ್ರೂ ಇದಕ್ಕಿಂತ ಸುಲಭದ್ದು ಬಂದಿಲ್ಲ. ಎಂಎಲ್‌ಎಸ್‌ಎಸ್ 3500 ಇದ್ದು ಸ್ಲಡ್ಜ್ 350ರಲ್ಲಿ ನಿಂತ್ರೆ ಎಸ್‌ವಿಐ 100, ತುಂಬಾ ಚೆನ್ನಾಗಿದೆ. ಅದೇ 700ರಲ್ಲಿ ನಿಂತ್ರೆ 200, ಅದು ಬಲ್ಕಿಂಗ್, ಅಂದ್ರೆ ಸ್ಲಡ್ಜ್ ಉಬ್ಬಿ ಸರಿಯಾಗಿ ಕೂರದೇ ಇರೋದು. ಸಾಮಾನ್ಯವಾಗಿ 150 ದಾಟಿದ್ರೆ ಎಚ್ಚರ ಆಗ್ಬೇಕು. ಈ ನಂಬರಿಗೂ ಡೀವಾಟರಿಂಗಿಗೂ (ಸ್ಲಡ್ಜ್ ಹಿಂಡಿ ನೀರು ತೆಗೆಯೋದಕ್ಕೂ) ಏನು ಸಂಬಂಧ ಅಂದ್ರೆ, 10 ಲಕ್ಷವನ್ನ ಎಸ್‌ವಿಐನಿಂದ ಭಾಗಿಸಿದ್ರೆ ಕ್ಲಾರಿಫೈಯರ್ ತಳದಲ್ಲಿ ಸ್ಲಡ್ಜ್ ಹೆಚ್ಚು ಕಮ್ಮಿ ಎಷ್ಟು ಗಟ್ಟಿ ಆಗ್ಬಹುದು ಅಂತ ಗೊತ್ತಾಗುತ್ತೆ. ಎಸ್‌ವಿಐ 100 ಇದ್ರೆ ಲೀಟರಿಗೆ 10,000 ಮಿಲಿಗ್ರಾಂ, ಅಂದ್ರೆ 1 ಪರ್ಸೆಂಟ್. 200 ಇದ್ರೆ ಬರೀ ಅರ್ಧ ಪರ್ಸೆಂಟ್. ಅಲ್ಲಿಗೆ ಥಿಕನರಿಗೆ ಹೋಗೋ ನೀರು ಡಬಲ್ ಆಯ್ತು, ನೀವಿನ್ನೂ ಮಷೀನ್ ಹತ್ರ ಹೋಗೇ ಇಲ್ಲ.

ಸ್ಲಡ್ಜ್ ಕೂರ್ತಿಲ್ಲ ಅಂದ ತಕ್ಷಣ ಬಲ್ಕಿಂಗ್ ಅಂತ ತೀರ್ಮಾನ ಮಾಡ್ಬೇಡಿ, ಇಲ್ಲಿ ಮೂರು ಬೇರೆ ಬೇರೆ ರೋಗ ಒಂದೇ ಥರ ಕಾಣುತ್ತೆ. ಪಕ್ಕದಲ್ಲಿ ಇನ್ನೊಂದು ಸಿಲಿಂಡರ್ ಇಟ್ಟು ಅದರಲ್ಲಿ ಅರ್ಧ ಸ್ಲಡ್ಜ್, ಅರ್ಧ ಕ್ಲಾರಿಫೈಯರಿಂದ ಹೊರಗೆ ಬರೋ ತಿಳಿ ನೀರು ಹಾಕಿ. ಮೊದಲನೇದು 900ರಲ್ಲೇ ನಿಂತು, ಬೆರೆಸಿದ್ದು 250ಕ್ಕೆ ಇಳಿದ್ರೆ ಸ್ಲಡ್ಜ್ ಕೆಟ್ಟಿಲ್ಲ, ಜಾಸ್ತಿ ಆಗಿದೆ ಅಷ್ಟೇ, ಜಾಗ ಇಲ್ದೆ ಇಳೀತಿಲ್ಲ, ವೇಸ್ಟಿಂಗ್, ಅಂದ್ರೆ ಸ್ಲಡ್ಜ್ ಹೊರಗೆ ತೆಗೆಯೋದು, ಜಾಸ್ತಿ ಮಾಡಿ ಸಾಕು. ಬೆರೆಸಿದ್ದೂ ಮೇಲೇನೇ ನಿಂತ್ರೆ ಆಗ ತಂತು ಬ್ಯಾಕ್ಟೀರಿಯಾ ಅಂದ್ರೆ ಫಿಲಮೆಂಟ್ ಜಾಸ್ತಿ ಆಗಿರ್ಬೇಕು, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕೂದಲು ಕೆದರಿದ ಹಾಗೆ ಫ್ಲಾಕಿಂದ (ಸ್ಲಡ್ಜ್ ಉಂಡೆಯಿಂದ) ಎಳೆಗಳು ಹೊರಗೆ ಚಾಚಿ ಪಕ್ಕದ ಫ್ಲಾಕ್‌ನ ಹತ್ರ ಬರಕ್ಕೆ ಬಿಡ್ತಿರಲ್ಲ. ಮೂರನೇದು, ಚೆನ್ನಾಗೇ ಕೂತು ಒಂದು ಒಂದೂವರೆ ಗಂಟೆ ಆದ್ಮೇಲೆ ದೊಡ್ಡ ತುಂಡುಗಳಾಗಿ ಮೇಲೆ ಎದ್ದು ಬರೋದು. ಅದು ಬಲ್ಕಿಂಗ್ ಅಲ್ವೇ ಅಲ್ಲ, ತಳದಲ್ಲಿ ಡಿನೈಟ್ರಿಫಿಕೇಶನ್ ಆಗಿ, ಅಂದ್ರೆ ಬ್ಯಾಕ್ಟೀರಿಯಾ ನೈಟ್ರೇಟನ್ನ ಒಡೆದು, ನೈಟ್ರೋಜನ್ ಗ್ಯಾಸ್ ಗುಳ್ಳೆ ಸ್ಲಡ್ಜನ್ನ ಎತ್ತುತ್ತೆ, ಒಂದು ಕಡ್ಡಿ ಹಾಕಿ ಕಲಕಿದ್ರೆ ಗುಳ್ಳೆ ಬಿಟ್ಟು ಮತ್ತೆ ಕೂತ್ಕೊಳ್ಳುತ್ತೆ. ಅದಕ್ಕೆ ಏರೇಶನ್ ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಸ್ಲಡ್ಜ್ ಬೇಗ ಎಳೀಬೇಕು, ಕ್ಲಾರಿಫೈಯರಲ್ಲಿ ಕೂಡಿಟ್ಕೋಬಾರ್ದು.

ಫಿಲಮೆಂಟ್ ಆದ್ರೆ ಕಾರಣ ಹುಡುಕ್ಬೇಕು: ಆಕ್ಸಿಜನ್ ಕಮ್ಮಿ, ಆಹಾರ ಕಮ್ಮಿ, ಒಳಗೆ ಬರೋ ನೀರು ಕೊಳೆತು ಸಲ್ಫೈಡ್ ಆಗಿರೋದು, ಇಲ್ಲಾ ನೈಟ್ರೋಜನ್ ಫಾಸ್ಫರಸ್ ಸಾಲದೇ ಇರೋದು. ರಿಟರ್ನ್ ಲೈನಿಗೆ ಕ್ಲೋರಿನ್ ಹಾಕಿ ಫಿಲಮೆಂಟ್ ಕೊಲ್ಲೋ ಪದ್ಧತಿ ಇದೆ, ಕೆಲಸಾನೂ ಮಾಡುತ್ತೆ, ಆದ್ರೆ ಕಾರಣ ಹಾಗೇ ಇದ್ರೆ ಮತ್ತೆ ಬರುತ್ತೆ. ನಾನು ಇದ್ದ ಒಂದು ಫ್ಯಾಕ್ಟರಿ ಪ್ಲಾಂಟಲ್ಲಿ ಇದೇ ಆಗಿತ್ತು. ಬೆಲ್ಟ್ ಪ್ರೆಸ್ ಕೇಕ್ ಗಂಜಿ ಥರ ಬರ್ತಿತ್ತು, ಬೆಲ್ಟ್ ಪಕ್ಕಕ್ಕೆ ಸ್ಲಡ್ಜ್ ಹಿಂಡ್ಕೊಂಡು ಹೊರಗೆ ಸುರೀತಿತ್ತು, ಎಲ್ಲರೂ ಸೇರಿ ಮಷೀನ್ ಹಳೇದಾಯ್ತು ಅಂತ ತೀರ್ಮಾನ ಮಾಡಿ ಸೆಂಟ್ರಿಫ್ಯೂಜಿಗೆ ಆರ್ಡರ್ ಹಾಕಿದ್ರು. ಆಮೇಲೆ ನೋಡಿದ್ರೆ ಆ ನೀರಲ್ಲಿ ಸಕ್ಕರೆ ಅಂಶ ಜಾಸ್ತಿ, ನೈಟ್ರೋಜನ್ ಇಲ್ವೇ ಇಲ್ಲ. ಬಿಓಡಿ, ಅಂದ್ರೆ ನೀರಲ್ಲಿರೋ ಕೊಳೆ ತಿನ್ನೋಕೆ ಬ್ಯಾಕ್ಟೀರಿಯಾಗೆ ಬೇಕಾದ ಆಕ್ಸಿಜನ್, 100 ಇದ್ರೆ ನೈಟ್ರೋಜನ್ 5, ಫಾಸ್ಫರಸ್ 1 ಇರ್ಬೇಕು ಅನ್ನೋದು ಎಲ್ಲರಿಗೂ ಬಾಯಿಪಾಠ, ಯಾರೂ ಅಳೆದಿರ್ಲಿಲ್ಲ. ಯೂರಿಯಾ ಮತ್ತೆ ಫಾಸ್ಫಾರಿಕ್ ಆಸಿಡ್ ಡೋಸ್ ಮಾಡಕ್ಕೆ ಶುರು ಮಾಡಿ ಮೂರ್ನಾಲ್ಕು ವಾರಕ್ಕೆ ಸ್ಲಡ್ಜ್‌ನ ಲೋಳೆ ಹೋಗಿ ಅದೇ ಹಳೇ ಬೆಲ್ಟ್ ಪ್ರೆಸ್ಸಲ್ಲಿ ಕೇಕ್ ಮುರಿದು ಬೀಳೋ ಹಾಗೆ ಬಂತು. ಸೆಂಟ್ರಿಫ್ಯೂಜ್ ಆಗ್ಲೇ ಬಂದು ಇಳಿದಿತ್ತು. ಆ ದುಡ್ಡು ನೆನೆಸ್ಕೊಂಡ್ರೆ ಇವತ್ತಿಗೂ ಬೇಜಾರಾಗುತ್ತೆ.

ಥಿಕನಿಂಗ್: ಮುಳುಗಿಸೋದಾ, ತೇಲಿಸೋದಾ?

ಮೊದಲ ತೊಟ್ಟೀಲೇ ಕೂರೋ ಪ್ರೈಮರಿ ಸ್ಲಡ್ಜ್‌ಗೂ ಏರೇಶನ್ ಟ್ಯಾಂಕಿಂದ ಬರೋ ಬಯಾಲಜಿಕಲ್ ಸ್ಲಡ್ಜ್‌ಗೂ ಸ್ವಭಾವ ಬೇರೆ, ಇಲ್ಲೇ ಆಯ್ಕೆ ಅರ್ಧ ಮುಗಿಯುತ್ತೆ. ಪ್ರೈಮರಿ ಭಾರ, ನಾರು ಜಾಸ್ತಿ, ಗ್ರ್ಯಾವಿಟಿ ಥಿಕನರಲ್ಲಿ 5ರಿಂದ 10 ಪರ್ಸೆಂಟ್‌ವರೆಗೂ ತಾನಾಗೇ ಹೋಗುತ್ತೆ, ಅದಕ್ಕೆ ಬೇರೆ ಮಷೀನ್ ಯೋಚನೇನೇ ಬೇಡ. ಬಯಾಲಜಿಕಲ್ ಸ್ಲಡ್ಜ್ ಹಾಗಲ್ಲ, ಅದು ಜೆಲ್ ಥರ, ಬ್ಯಾಕ್ಟೀರಿಯಾ ಸುತ್ತ ಅವೇ ಬಿಟ್ಟಿರೋ ಲೋಳೆ ನೀರನ್ನ ಹಿಡ್ಕೊಂಡಿರುತ್ತೆ, ಗ್ರ್ಯಾವಿಟೀಲಿ 2ರಿಂದ 3 ಪರ್ಸೆಂಟ್ ಬಂದ್ರೆ ಪುಣ್ಯ. ಅದನ್ನ ಮುಳುಗಿಸೋಕೆ ಹೋಗೋದಕ್ಕಿಂತ ತೇಲಿಸೋದು ಸುಲಭ, ಅದಕ್ಕೇ ಡಿಎಎಫ್ (ಕರಗಿದ ಗಾಳಿಯಿಂದ ತೇಲಿಸೋ ತೊಟ್ಟಿ) ಇರೋದು. ಒತ್ತಡದಲ್ಲಿ ಗಾಳಿ ಕರಗಿಸಿದ ನೀರನ್ನ ತೊಟ್ಟಿಗೆ ಬಿಟ್ರೆ ಸಣ್ಣ ಗುಳ್ಳೆಗಳು ಎದ್ದು ಫ್ಲಾಕಿಗೆ ಅಂಟ್ಕೊಂಡು ಮೇಲಕ್ಕೆ ಎತ್ಕೊಂಡು ಬರ್ತವೆ, ಮೇಲಿಂದ ಸ್ಕಿಮ್ಮರ್ ಬಾಚುತ್ತೆ, 4 ಪರ್ಸೆಂಟ್ ಹತ್ರ ಸಿಗುತ್ತೆ. ಆದ್ರೆ ಕಂಪ್ರೆಸರ್, ರಿಸೈಕಲ್ ಪಂಪ್ ಇಡೀ ದಿನ ಓಡ್ತಿರ್ಬೇಕು, ಕರೆಂಟ್ ಬಿಲ್ ಬೀಳುತ್ತೆ.

ಗ್ರ್ಯಾವಿಟಿ ಬೆಲ್ಟ್ ಥಿಕನರ್, ಡ್ರಮ್ ಥಿಕನರ್ ಇವೆರಡೂ ಕಣಗಳನ್ನ ಒಟ್ಟು ಸೇರಿಸೋ ಪಾಲಿಮರ್ ಕೆಮಿಕಲ್ ಹಾಕಿ ಜಾಲರಿ ಮೇಲೆ ನೀರು ಸೋಸೋ ಮಷೀನ್‌ಗಳು, 5-6 ಪರ್ಸೆಂಟ್ ಆರಾಮಾಗಿ ಕೊಡ್ತವೆ, ಜಾಗ ಕಮ್ಮಿ ಸಾಕು. ಡ್ರಮ್ ಮುಚ್ಚಿರುತ್ತೆ, ವಾಸನೆ ಕಮ್ಮಿ, ಚಿಕ್ಕ ಪ್ಲಾಂಟಿಗೆ ನನಗೆ ಅದೇ ಇಷ್ಟ. ಆದ್ರೆ ಪಾಲಿಮರ್ ಇಲ್ದೆ ಇವು ಒಂದು ಗಂಟೇನೂ ನಡೆಯಲ್ಲ ಅನ್ನೋದು ನೆನಪಿರ್ಲಿ.

ಇನ್ನೊಂದು ಮುಖ್ಯವಾದ್ದು. ಫಾಸ್ಫರಸ್ಸನ್ನ ಬ್ಯಾಕ್ಟೀರಿಯಾದಿಂದಲೇ ತೆಗೆಯೋ ಪ್ಲಾಂಟ್ ನಿಮ್ಮದಾದ್ರೆ ಆ ಸ್ಲಡ್ಜನ್ನ ಗ್ರ್ಯಾವಿಟಿ ಥಿಕನರಲ್ಲಿ ಗಂಟೆಗಟ್ಟಲೆ ಕೂಡಿಡ್ಬೇಡಿ, ಆಕ್ಸಿಜನ್ ಇಲ್ದೆ ಹೋದ ತಕ್ಷಣ ಒಳಗೆ ಹಿಡಿದಿಟ್ಕೊಂಡಿದ್ದ ಫಾಸ್ಫರಸ್ಸೆಲ್ಲ ಬಿಟ್ಬಿಡುತ್ತೆ, ಅದು ಮೇಲಿನ ನೀರಿನ ಜೊತೆ ಪ್ಲಾಂಟ್ ಮೊದಲಿಗೇ ವಾಪಸ್ ಬರುತ್ತೆ, ತೆಗೆದಿದ್ದನ್ನೇ ಮತ್ತೆ ಮತ್ತೆ ತೆಗೀತಾ ಇರ್ತೀರಿ. ಅಂಥಾ ಕಡೆ ಡಿಎಎಫ್ ಅಥವಾ ಡ್ರಮ್ಮೇ ಸರಿ. ಹಾಗೇ ಗ್ರ್ಯಾವಿಟಿ ಥಿಕನರಲ್ಲಿ ಸ್ಲಡ್ಜ್ ಹಳಸಿದ್ರೆ ಹೈಡ್ರೋಜನ್ ಸಲ್ಫೈಡ್ ಬರುತ್ತೆ, ಮೊದಲು ಕೊಳೆತ ಮೊಟ್ಟೆ ವಾಸನೆ, ಜಾಸ್ತಿ ಆದ್ರೆ ಮೂಗಿಗೆ ವಾಸನೆನೇ ಗೊತ್ತಾಗಲ್ಲ, ಆಗಲೇ ಅಪಾಯ. ಮುಚ್ಚಿದ ಥಿಕನರ್ ಒಳಗೆ ಗ್ಯಾಸ್ ಮೀಟರ್ ಇಲ್ದೆ, ಹೊರಗೆ ಒಬ್ರು ನಿಲ್ಲದೆ ಯಾರನ್ನೂ ಇಳಿಸ್ಬೇಡಿ.

ಈಗ ಹಿಂಡೋ ಮಷೀನ್‌ಗಳು

ಡ್ರೈಯಿಂಗ್ ಬೆಡ್ ಇಂದಲೇ ಶುರು ಮಾಡ್ತೀನಿ ಯಾಕಂದ್ರೆ ಅದನ್ನ ಹಳೇ ಕಾಲದ್ದು ಅಂತ ಪಟ್ಟಿಯಿಂದ ತೆಗೆದು ಹಾಕೋರು ತುಂಬಾ ಜನ. ಕೆಳಗೆ ಜಲ್ಲಿ, ಅದರ ಮೇಲೆ 20ರಿಂದ 30 ಸೆಂಟಿಮೀಟರ್ ಮರಳು, ಅಡಿಯಲ್ಲಿ ನೀರು ಹೋಗೋ ಪೈಪ್, ಮೇಲೆ ಸುಮಾರು 20-30 ಸೆಂಟಿಮೀಟರ್ ಸ್ಲಡ್ಜ್. ಮೊದಲ ಎರಡು ಮೂರು ದಿನ ನೀರು ಮರಳಿಂದ ಕೆಳಗೆ ಬಸಿಯುತ್ತೆ, ಆಮೇಲೆ ಬಿಸಿಲು ಗಾಳಿಗೆ ಆರುತ್ತೆ, ಮೇಲ್ಮೈ ಬಿರುಕು ಬಿಡುತ್ತೆ, ಆ ಬಿರುಕು ಮರಳಿನವರೆಗೂ ಇಳಿದ್ರೆ ಎತ್ತೋಕೆ ರೆಡಿ ಅಂತ ಲೆಕ್ಕ. ಒಣ ಹವೆ ಇದ್ರೆ ಎರಡು ವಾರದಲ್ಲಿ ಆಗುತ್ತೆ, 40 ಪರ್ಸೆಂಟ್ ದಾಟಿದ ಕೇಕ್ ಸಿಗುತ್ತೆ, ಪಾಲಿಮರ್ ಇಲ್ಲ ಕರೆಂಟ್ ಇಲ್ಲ, ಮಷೀನ್‌ಗಳು ಇಷ್ಟನ್ನ ಮುಟ್ಟೋದೇ ಕಷ್ಟ. ಆದ್ರೆ ಜಾಗ ಬೇಕು, ಮಳೆ ಬಂದ್ರೆ ಲೆಕ್ಕ ತಪ್ಪುತ್ತೆ, ಎತ್ತೋವಾಗ ಪ್ರತಿ ಸಲ ಸ್ವಲ್ಪ ಮರಳೂ ಜೊತೆಗೆ ಹೋಗುತ್ತೆ ಅದನ್ನ ತುಂಬ್ತಾ ಇರ್ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಡೈಜೆಸ್ಟ್ ಆಗಿರೋ, ಅಂದ್ರೆ ಬ್ಯಾಕ್ಟೀರಿಯಾ ಮೊದಲೇ ಅರಗಿಸಿರೋ ಸ್ಲಡ್ಜ್ ಮಾತ್ರ ಹಾಕ್ಬೇಕು. ಹಸಿ ಸ್ಲಡ್ಜ್ ಹಾಕಿದ್ರೆ ಮರಳು ಕಟ್ಕೊಳ್ಳುತ್ತೆ, ನೊಣ, ವಾಸನೆ, ಅಕ್ಕಪಕ್ಕದವರು ಸುಮ್ನಿರಲ್ಲ, ಸುಮ್ನಿರ್ಬೇಕಾಗೂ ಇಲ್ಲ.

ಬೆಲ್ಟ್ ಪ್ರೆಸ್ಸಲ್ಲಿ ಮೂರು ಹಂತ, ಮೊದಲು ಒಂದು ಬೆಲ್ಟ್ ಮೇಲೆ ಹರಡಿ ನೀರು ತಾನಾಗೇ ಸೋರೋದು, ಆಮೇಲೆ ಎರಡು ಬೆಲ್ಟ್ ಮಧ್ಯ ನಿಧಾನಕ್ಕೆ ಒತ್ತೋದು, ಕೊನೆಗೆ ರೋಲರ್‌ಗಳ ಸುತ್ತ ಬಿಗಿಯಾಗಿ ಹಿಂಡೋದು. ಇದರ ದೊಡ್ಡ ಗುಣ ಏನಂದ್ರೆ ಎಲ್ಲಾ ಕಣ್ಣಿಗೆ ಕಾಣುತ್ತೆ. ಮೊದಲನೇ ಹಂತದಲ್ಲಿ ನೇಗಿಲ ಥರ ಇರೋ ತಡೆಗಳ ಹಿಂದೆ ಸ್ಲಡ್ಜ್ ಸಾಲು ಬಿಟ್ಟು ನಡುವೆ ಬೆಲ್ಟ್ ಜಾಲರಿ ಸ್ವಚ್ಛ ಕಂಡ್ರೆ ಪಾಲಿಮರ್ ಸರಿ ಇದೆ, ಇಡೀ ಬೆಲ್ಟ್ ಮೇಲೆ ನೀರು ನಿಂತು ಹೊಳೀತಿದ್ರೆ ಸರಿ ಇಲ್ಲ. ಒಬ್ಬ ಹೊಸ ಆಪರೇಟರ್ ಒಂದು ತಿಂಗಳಲ್ಲಿ ಇದನ್ನ ಕಲೀತಾನೆ. ಕರೆಂಟ್ ಕಮ್ಮಿ. ಆದ್ರೆ ಬೆಲ್ಟ್ ತೊಳೆಯೋ ನೀರು ಜಾಸ್ತಿ ಬೇಕು, ಫೀಡ್ ಹರಿವಿನ ಅರ್ಧದಿಂದ ಹಿಡಿದು ಅಷ್ಟೇ ಸಮ ಆಗೋವರೆಗೂ, ಅದೂ ಒತ್ತಡದಲ್ಲಿ, ನಾಝಲ್ ಒಂದು ಕಟ್ಕೊಂಡ್ರೆ ಬೆಲ್ಟ್ ಮೇಲೆ ಅಷ್ಟಗಲದ ಪಟ್ಟೆ ಬಿದ್ದು ಅಲ್ಲಿ ನೀರೇ ಇಳಿಯಲ್ಲ. ತೆರೆದಿರೋದ್ರಿಂದ ರೂಮೆಲ್ಲ ಆವಿ, ವಾಸನೆ. ಎಣ್ಣೆ ಗ್ರೀಸ್ ಜಾಸ್ತಿ ಇರೋ ಸ್ಲಡ್ಜ್ ಬೆಲ್ಟನ್ನ ಮುಚ್ಚಿ ಹಾಕುತ್ತೆ, ಅಂಥಾ ಕಡೆ ಇದು ಬೇಡ. ಕೇಕ್ ಬಯಾಲಜಿಕಲ್ ಸ್ಲಡ್ಜ್ ಒಂದೇ ಆದ್ರೆ 15ರ ಆಸುಪಾಸು, ಪ್ರೈಮರಿ ಸೇರಿ ಡೈಜೆಸ್ಟ್ ಆಗಿದ್ರೆ 20-25.

ಸೆಂಟ್ರಿಫ್ಯೂಜ್ ಅಂದ್ರೆ ಇಲ್ಲಿ ಡಿಕ್ಯಾಂಟರ್. ಭೂಮಿ ಎಳೆತದ ಎರಡು ಮೂರು ಸಾವಿರ ಪಟ್ಟು ಬಲದಲ್ಲಿ ಬೌಲ್ ತಿರುಗುತ್ತೆ, ಒಳಗಿನ ಸ್ಕ್ರೋಲ್ ಸ್ವಲ್ಪ ಬೇರೆ ವೇಗದಲ್ಲಿ ತಿರುಗಿ ಗೋಡೆಗೆ ಕೂತ ಸಾಲಿಡ್ಸನ್ನ ತಳ್ಕೊಂಡು ಹೊರಗೆ ಹಾಕುತ್ತೆ. ಕ್ಲಾರಿಫೈಯರಲ್ಲಿ ಗಂಟೆಗಟ್ಟಲೆ ನಡೆಯೋ ಸೆಟ್ಲಿಂಗೇ ಇಲ್ಲಿ ಒಂದೆರಡು ನಿಮಿಷದಲ್ಲಿ ನಡೆಯುತ್ತೆ, ಬೇರೆ ಮ್ಯಾಜಿಕ್ ಏನಿಲ್ಲ. ಆ ವೇಗದ ವ್ಯತ್ಯಾಸ ಕಮ್ಮಿ ಮಾಡಿದ್ರೆ ಕೇಕ್ ಒಣಗಿ ಬರುತ್ತೆ ಆದ್ರೆ ಸ್ಕ್ರೋಲ್ ಮೇಲೆ ಟಾರ್ಕ್ ಏರುತ್ತೆ, ತುಂಬಾ ಕಮ್ಮಿ ಮಾಡಿದ್ರೆ ಸಾಲಿಡ್ಸ್ ತುಂಬಿ ಸೆಂಟ್ರೇಟ್, ಅಂದ್ರೆ ಬೇರ್ಪಟ್ಟು ಹೊರಗೆ ಬರೋ ನೀರು, ಕಪ್ಪಗೆ ಬರುತ್ತೆ. ಚಿಕ್ಕ ಜಾಗದಲ್ಲಿ ದೊಡ್ಡ ಪ್ರಮಾಣ ಎಳೆಯುತ್ತೆ, ಮುಚ್ಚಿರೋದ್ರಿಂದ ರೂಮ್ ಸ್ವಚ್ಛ, ತೊಳೆಯೋ ನೀರು ನಿಲ್ಲಿಸೋವಾಗ ಮಾತ್ರ ಬೇಕು, ಕೇಕ್ ಬೆಲ್ಟ್ ಪ್ರೆಸ್ಸಿಗಿಂತ ಎರಡು ಮೂರು ಪರ್ಸೆಂಟಿನಿಂದ ಐದರವರೆಗೂ ಗಟ್ಟಿ. ಇದಕ್ಕೆ ಕೊಡೋ ಬೆಲೆ ಅಂದ್ರೆ ಕರೆಂಟ್, ಸದ್ದು, ಮತ್ತೆ ಗ್ರಿಟ್. ಮರಳು ಬಂದ್ರೆ ಸ್ಕ್ರೋಲ್ ಅಂಚಿಗೆ ಹಾಕಿರೋ ಟಂಗ್‌ಸ್ಟನ್ ಕಾರ್ಬೈಡನ್ನೂ ತಿನ್ನುತ್ತೆ. ಪ್ಲಾಂಟಿನ ಮೊದಲಲ್ಲಿ ಗ್ರಿಟ್ ಚೇಂಬರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂದ್ರೆ ಸೆಂಟ್ರಿಫ್ಯೂಜ್ ಯೋಚನೆ ಮುಂದಕ್ಕೆ ಹಾಕಿ. ನಿಲ್ಲಿಸೋವಾಗ ನೀರು ಬಿಟ್ಟು ಒಳಗೆ ತೊಳೀಲಿಲ್ಲ ಅಂದ್ರೆ ಸ್ಲಡ್ಜ್ ಒಂದು ಪಕ್ಕ ಗಟ್ಟಿಯಾಗಿ ಮಾರನೇ ದಿನ ಸ್ಟಾರ್ಟ್ ಮಾಡಿದಾಗ ಇಡೀ ಮಷೀನ್ ನಡುಗುತ್ತೆ. ಸ್ಕ್ರೋಲ್ ರಿಪೇರಿ ಆದ್ಮೇಲೆ ಬ್ಯಾಲೆನ್ಸಿಂಗ್ ಆಗ್ಲೇಬೇಕು, ಅದನ್ನ ಪ್ಲಾಂಟಿನ ಫಿಟ್ಟರ್ ಮಾಡೋಕಾಗಲ್ಲ, ವರ್ಕ್‌ಶಾಪಿಗೆ ಹೋಗ್ಬೇಕು, ಅಷ್ಟು ದಿನ ಸ್ಲಡ್ಜ್ ಎಲ್ಲಿ ಇಡ್ತೀರಿ ಅಂತ ಈಗ್ಲೇ ಯೋಚಿಸಿ.

ಸ್ಕ್ರೂ ಪ್ರೆಸ್ ಇದಕ್ಕೆ ಪೂರ್ತಿ ಉಲ್ಟಾ, ನಿಮಿಷಕ್ಕೆ ಒಂದೆರಡು ಸುತ್ತು, ಪಕ್ಕದಲ್ಲಿ ನಿಂತ್ರೆ ಓಡ್ತಿದೆಯೋ ಇಲ್ವೋ ಗೊತ್ತಾಗಲ್ಲ. ಕರೆಂಟ್ ಸೆಂಟ್ರಿಫ್ಯೂಜಿಗೆ ಹೋಲಿಸಿದ್ರೆ ಎಷ್ಟೋ ಪಟ್ಟು ಕಮ್ಮಿ. ಇದರಲ್ಲೇ ರಿಂಗ್‌ಗಳಿರೋ ಮಲ್ಟಿ ಡಿಸ್ಕ್ ಥರದ್ದು ಚಿಕ್ಕ ಪ್ಲಾಂಟ್‌ಗಳಿಗೆ ವರ ಇದ್ದ ಹಾಗೆ, ಒಂದು ರಿಂಗ್ ನಿಂತಿರುತ್ತೆ ಇನ್ನೊಂದು ಅಲ್ಲಾಡ್ತಿರುತ್ತೆ, ಅದರಿಂದ ಸಂದು ತಾನಾಗೇ ಶುಚಿ ಆಗ್ತಿರುತ್ತೆ, ಎಣ್ಣೆ ಇದ್ರೂ ಬೇಗ ಕಟ್ಕೊಳ್ಳಲ್ಲ, ಜೊತೆಗೆ 1 ಪರ್ಸೆಂಟ್ ಅಥವಾ ಅದಕ್ಕಿಂತ ತೆಳ್ಳಗಿನ ಸ್ಲಡ್ಜನ್ನೂ ನೇರವಾಗಿ ತಗೊಳ್ಳುತ್ತೆ, ಬೇರೆ ಥಿಕನರ್ ಬೇಡ. ಆದ್ರೆ ಪ್ರಮಾಣ ಕಮ್ಮಿ, ದೊಡ್ಡ ಪ್ಲಾಂಟಿಗೆ ಸಾಲು ಸಾಲಾಗಿ ಮಷೀನ್ ಇಡ್ಬೇಕಾಗುತ್ತೆ, ರಿಂಗ್ ಸವೆದ್ರೆ ಬದಲಾಯಿಸೋ ಖರ್ಚು ಸಣ್ಣದಲ್ಲ, ಮತ್ತೆ ಫ್ಲಾಕ್ ಗಟ್ಟಿ ಇರ್ಲಿಲ್ಲ ಅಂದ್ರೆ ಸ್ಲಡ್ಜ್ ಸಂದಿನಿಂದಲೇ ಜಾರಿ ಫಿಲ್ಟ್ರೇಟಿಗೆ (ಸೋರಿ ಬರೋ ನೀರಿಗೆ) ಹೋಗುತ್ತೆ.

ಫಿಲ್ಟರ್ ಪ್ರೆಸ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಪ್ಲೇಟ್‌ಗಳ ಮಧ್ಯೆ 7 ಅಥವಾ 15 ಬಾರ್ ಒತ್ತಡದಲ್ಲಿ ಪಂಪ್ ಮಾಡಿ ಬಟ್ಟೆ ಮೂಲಕ ನೀರು ತೆಗೆಯೋದು, ಒಂದು ಬ್ಯಾಚಿಗೆ ಎರಡರಿಂದ ನಾಲ್ಕು ಗಂಟೆ, ಕೇಕ್ 30-40 ಪರ್ಸೆಂಟ್, ಮಷೀನ್‌ಗಳಲ್ಲಿ ಇದಕ್ಕಿಂತ ಒಣಗಿದ್ದು ಸಿಗಲ್ಲ. ಲೋಹದ ಹೈಡ್ರಾಕ್ಸೈಡ್, ಸುಣ್ಣ, ಬಣ್ಣದ ಕೆಮಿಕಲ್ ಸ್ಲಡ್ಜ್ ಇದ್ರೆ ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ. ಬಯಾಲಜಿಕಲ್ ಸ್ಲಡ್ಜಿಗೆ ಮಾತ್ರ ಎರಡು ಸಲ ಯೋಚಿಸಿ, ಅದಕ್ಕೆ ಸುಣ್ಣ ಮತ್ತೆ ಫೆರಿಕ್ ಕ್ಲೋರೈಡ್ ಸುರೀಬೇಕು, ಹಾಕಿದ ಸುಣ್ಣದ ತೂಕಾನೂ ಕೇಕಲ್ಲೇ ಬರುತ್ತೆ, ಹಾಗಾಗಿ 35 ಪರ್ಸೆಂಟ್ ಅಂತ ಕಂಡ್ರೂ ಅದರಲ್ಲಿ ಒಂದು ಪಾಲು ನೀವೇ ಸುರಿದಿದ್ದು. ಬಟ್ಟೆಗೆ ಅಂಟಿದ ಕೇಕ್ ಕೆರೆಯೋಕೆ ಪ್ರತಿ ಬ್ಯಾಚಿಗೂ ಆಳು ನಿಲ್ಬೇಕು.

ಜಿಯೋಟ್ಯೂಬ್ ಅಂದ್ರೆ ನೀರು ಸೋರೋ ದೊಡ್ಡ ಬಟ್ಟೆ ಚೀಲ, ಪಾಲಿಮರ್ ಹಾಕಿದ ಸ್ಲಡ್ಜ್ ಅದಕ್ಕೆ ತುಂಬಿ ವಾರ, ತಿಂಗಳು ಬಿಡೋದು. ಲಗೂನ್ (ಸ್ಲಡ್ಜ್ ತುಂಬಿದ ಹೊಂಡ) ಒಂದು ಸಲ ಖಾಲಿ ಮಾಡ್ಬೇಕು, ಮಷೀನ್ ಕೆಟ್ಟು ನಿಂತಾಗ ಸ್ಲಡ್ಜ್ ಎಲ್ಲಾದ್ರೂ ಹೋಗ್ಬೇಕು ಅನ್ನೋ ಕಡೆಗೆಲ್ಲ ತುಂಬಾ ಒಳ್ಳೇದು, ದಿನನಿತ್ಯದ ಕೆಲಸಕ್ಕೆ ಜಾಗ ಸಾಲಲ್ಲ.

ಪಾಲಿಮರ್ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ಲೇಬೇಕು

ಯಾವ ಮಷೀನ್ ತಗೊಂಡ್ರೂ ದಿನಾ ಖರ್ಚಾಗೋದು ಇದು, ಮಷೀನ್ ಚೆನ್ನಾಗಿ ನಡೆಯೋದೂ ಕೆಡೋದೂ ಇದರಿಂದಲೇ. ಬಯಾಲಜಿಕಲ್ ಸ್ಲಡ್ಜ್ ಕಣಗಳ ಮೇಲೆ ನೆಗೆಟಿವ್ ಚಾರ್ಜ್ ಇರುತ್ತೆ, ಅದಕ್ಕೇ ಅವು ಒಂದನ್ನೊಂದು ದೂರ ತಳ್ತವೆ, ಹಾಗಾಗಿ ಪಾಸಿಟಿವ್ ಚಾರ್ಜ್ ಇರೋ ಕ್ಯಾಟಯಾನಿಕ್ ಪಾಲಿಮರ್ ಬೇಕು. ಖನಿಜ ಸ್ಲಡ್ಜಿಗೆ ಹೆಚ್ಚಾಗಿ ನೆಗೆಟಿವ್ ಚಾರ್ಜಿನ ಆನಯಾನಿಕ್ ಒಗ್ಗುತ್ತೆ. ಒಣ ಸಾಲಿಡ್ಸ್ ಒಂದು ಟನ್ನಿಗೆ 3ರಿಂದ 10 ಕೆಜಿ ಆಕ್ಟಿವ್ ಪಾಲಿಮರ್ ಸಾಮಾನ್ಯ, ಸೆಂಟ್ರಿಫ್ಯೂಜಲ್ಲಿ ಫ್ಲಾಕ್ ಮೇಲೆ ಬೀಳೋ ಹೊಡೆತ ಜಾಸ್ತಿ ಅದಕ್ಕೆ ಅಲ್ಲಿ ಬೆಲ್ಟ್ ಪ್ರೆಸ್ಸಿಗಿಂತ ಹೆಚ್ಚು ಹಿಡಿಯುತ್ತೆ. ಆಕ್ಟಿವ್ ಅನ್ನೋ ಪದ ಗಮನಿಸಿ. ಪೌಡರಲ್ಲಿ 90 ಪರ್ಸೆಂಟ್ ಹತ್ರ ಪಾಲಿಮರ್ ಇರುತ್ತೆ, ಎಮಲ್ಷನ್‌ನಲ್ಲಿ 30ರಿಂದ 50, ಉಳಿದಿದ್ದು ಎಣ್ಣೆ ಮತ್ತೆ ನೀರು. ಕೆಜಿ ರೇಟ್ ಪಕ್ಕ ಪಕ್ಕ ಇಟ್ಟು ಎಮಲ್ಷನ್ ಅಗ್ಗ ಅಂತ ತರೋದು ದೊಡ್ಡ ತಪ್ಪು.

ಪೌಡರನ್ನ 0.1ರಿಂದ 0.5 ಪರ್ಸೆಂಟ್ ದ್ರಾವಣ ಮಾಡಿ ಅರ್ಧದಿಂದ ಒಂದು ಗಂಟೆ ನಿಧಾನವಾಗಿ ತಿರುಗಿಸ್ತಾ ಬಿಡ್ಬೇಕು, ಆ ಉದ್ದದ ಸರಪಳಿ ಬಿಚ್ಕೊಳ್ಳೋಕೆ ಅಷ್ಟು ಹೊತ್ತು ಬೇಕು. ನೀರಿಗೆ ಒಟ್ಟಿಗೆ ಸುರಿದ್ರೆ ಮೀನಿನ ಕಣ್ಣಿನ ಥರ ಗಂಟು ಕಟ್ಟುತ್ತೆ, ಅದು ಆಮೇಲೆ ಕರಗಲ್ಲ, ಡೋಸಿಂಗ್ ಪಂಪಿಗೇ ಬಂದು ಸಿಕ್ಕಾಕ್ಕೊಳ್ಳುತ್ತೆ.

ಯಾವ ಪಾಲಿಮರ್ ಅಂತ ನೋಡೋಕೆ ಲ್ಯಾಬ್ ಬೇಡ. ಎರಡು ಬೀಕರ್, ಒಂದರಲ್ಲಿ ಅರ್ಧ ಲೀಟರ್ ಸ್ಲಡ್ಜ್, ಅಳತೆ ಮಾಡಿ ಪಾಲಿಮರ್ ಹಾಕಿ ಒಂದು ಬೀಕರಿಂದ ಇನ್ನೊಂದಕ್ಕೆ ಹತ್ತು ಸಲ ಸುರೀರಿ. ಹಾಲು ಒಡೆದ ಹಾಗೆ ನೀರು ಬೇರೆ ಫ್ಲಾಕ್ ಬೇರೆ ಆಗ್ಬೇಕು. ಆಮೇಲೆ ಇನ್ನೂ ಹತ್ತು ಸಲ ಸುರೀರಿ, ಫ್ಲಾಕ್ ಹಾಗೇ ಇದ್ರೆ ಸೆಂಟ್ರಿಫ್ಯೂಜಿಗೂ ಆಗುತ್ತೆ, ಒಡೆದು ಪುಡಿಯಾದ್ರೆ ಅದು ಬೆಲ್ಟ್ ಅಥವಾ ಸ್ಕ್ರೂ ಪ್ರೆಸ್ಸಿಗೆ ಮಾತ್ರ. ಆ ಫ್ಲಾಕನ್ನ ಬೆಲ್ಟ್ ಬಟ್ಟೆ ತುಂಡಿನ ಮೇಲೆ ಸುರಿದು 10 ಸೆಕೆಂಡಲ್ಲಿ ಎಷ್ಟು ನೀರು ಇಳೀತು ನೋಡಿ, ಬಟ್ಟೆ ಮಡಚಿ ಕೈಯಲ್ಲಿ ಹಿಂಡಿ, ಗ್ಲೌಸ್ ಹಾಕ್ಕೊಂಡೇ. ಬಟ್ಟೆ ಬಿಚ್ಚಿದಾಗ ಕೇಕ್ ಹಾಳೆ ಥರ ಎದ್ದು ಬಂದ್ರೆ ಡೋಸ್ ಸರಿ. ಬಟ್ಟೆಗೆ ಮೆತ್ಕೊಂಡು ಫಿಲ್ಟ್ರೇಟ್ ಬೆರಳ ಮಧ್ಯೆ ಜಾರ್ತಿದ್ರೆ ಪಾಲಿಮರ್ ಜಾಸ್ತಿ ಆಗಿದೆ. ಕೇಕ್ ಒದ್ದೆ ಬರ್ತಿದೆ ಅಂತ ಇನ್ನೂ ಜಾಸ್ತಿ ಹಾಕೋರನ್ನ ತುಂಬಾ ನೋಡಿದ್ದೀನಿ, ಒದ್ದೆ ಆಗ್ತಿರೋದೇ ಜಾಸ್ತಿ ಹಾಕಿದ್ದಕ್ಕೆ. ನೆಲದ ಮೇಲೆ ಚೆಲ್ಲಿದ್ರೆ ಬರೀ ನೀರು ಹಾಕಿ ತೊಳೀಬೇಡಿ, ಇನ್ನೂ ಜಾರುತ್ತೆ, ಮೊದಲು ಮರಳು ಹಾಕಿ ಎತ್ತಿ. ಜಾರಿ ಬಿದ್ದು ಕೈ ಮುರ್ಕೊಂಡವರನ್ನ ಕಣ್ಣಾರೆ ನೋಡಿದೀನಿ.

ಹಾಗಾದ್ರೆ ಯಾವುದು?

ಚಿಕ್ಕ ಪ್ಲಾಂಟ್, ಒಬ್ಬರೇ ಆಪರೇಟರ್, ಬೇರೆ ಕೆಲಸಾನೂ ಅವರೇ ನೋಡ್ಕೋಬೇಕು ಅಂದ್ರೆ ಮಲ್ಟಿ ಡಿಸ್ಕ್ ಸ್ಕ್ರೂ ಪ್ರೆಸ್, ಎರಡನೇ ಯೋಚನೆ ಬೇಡ. ಜಾಗ ಇದೆ, ಬಿಸಿಲಿದೆ, ಡೈಜೆಸ್ಟರ್ ಇದೆ ಅಂದ್ರೆ ಬೆಡ್, ಮಳೆಗಾಲಕ್ಕೆ ಒಂದು ಚಿಕ್ಕ ಮಷೀನ್ ಜೊತೆಗಿಟ್ಕೊಳ್ಳಿ. ಕೇಕ್ ದೂರ ಸಾಗಿಸ್ಬೇಕು ಅಥವಾ ಸುಡ್ಬೇಕು, ಪ್ರಮಾಣ ದೊಡ್ಡದು, ಮೆಕ್ಯಾನಿಕಲ್ ಟೀಮ್ ಗಟ್ಟಿ ಇದೆ, ಗ್ರಿಟ್ ಚೆನ್ನಾಗಿ ತೆಗೀತೀರಿ ಅಂದ್ರೆ ಸೆಂಟ್ರಿಫ್ಯೂಜ್. ಪ್ರಮಾಣ ಮಧ್ಯಮ, ಪ್ರತಿ ಶಿಫ್ಟಿಗೂ ಆಳಿದಾರೆ, ತೊಳೆಯೋಕೆ ಶುದ್ಧೀಕರಿಸಿದ ನೀರೇ ಧಾರಾಳ ಇದೆ ಅಂದ್ರೆ ಬೆಲ್ಟ್ ಪ್ರೆಸ್ಸನ್ನ ಕಡೆಗಣಿಸ್ಬೇಡಿ, ಈಗಿನವರು ಅದನ್ನ ಹಳೇದು ಅಂತ ಬೇಗ ಬಿಟ್ಬಿಡ್ತಾರೆ. ಏನೇ ತಗೊಂಡ್ರೂ ಒಂದು ದೊಡ್ಡದರ ಬದಲು ಎರಡು ಚಿಕ್ಕದು ತಗೊಳ್ಳಿ, ಒಂದು ರಿಪೇರಿಗೆ ಹೋದಾಗ ಸ್ಲಡ್ಜ್ ಏರೇಶನ್ ಟ್ಯಾಂಕಲ್ಲಿ ಕೂಡಿ ಕೂಡಿ ಕ್ಲಾರಿಫೈಯರ್ ಮೇಲಿಂದ ಹರಿದು ಹೋಗೋದು ತಪ್ಪುತ್ತೆ.

ಹಿಂಡೋ ಮಷೀನಿಂದ ಪ್ಲಾಂಟ್ ಮೊದಲಿಗೆ ವಾಪಸ್ ಬರೋ ನೀರನ್ನ ಲೆಕ್ಕಕ್ಕೆ ಹಿಡೀದೆ ಇರೋದು ಎಲ್ಲಾ ಕಡೆ ನಡೆಯುತ್ತೆ. ಡೈಜೆಸ್ಟರ್ ಇರೋ ಪ್ಲಾಂಟಲ್ಲಿ ಸೆಂಟ್ರೇಟ್ ಜೊತೆ ಬರೋ ಅಮೋನಿಯಾ ಒಟ್ಟು ನೈಟ್ರೋಜನ್ ಲೋಡಿನ 15-20 ಪರ್ಸೆಂಟ್ ಇರ್ಬಹುದು, ಹಗಲಲ್ಲಿ ಎಂಟು ಗಂಟೆ ಮಾತ್ರ ಮಷೀನ್ ಓಡಿಸಿದ್ರೆ ಅಷ್ಟೂ ಎಂಟು ಗಂಟೇಲಿ ಬಂದು ಬೀಳುತ್ತೆ, ಗಾಳಿ ಊದೋ ಬ್ಲೋವರ್ ತಡ್ಕೊಳ್ಳಲ್ಲ. ಒಂದು ಟ್ಯಾಂಕಲ್ಲಿ ಹಿಡಿದಿಟ್ಟು ರಾತ್ರಿ ಪೂರ್ತಿ ನಿಧಾನಕ್ಕೆ ಬಿಟ್ರೆ ಸಾಕು. ಸಾಲಿಡ್ಸ್ ಕ್ಯಾಪ್ಚರ್, ಅಂದ್ರೆ ಬಂದ ಸಾಲಿಡ್ಸಲ್ಲಿ ಕೇಕಿಗೆ ಸೇರೋ ಪಾಲು, 95 ಪರ್ಸೆಂಟಿಗಿಂತ ಕೆಳಗೆ ಇದ್ರೆ ಕೂರದೇ ಇರೋ ಸಣ್ಣ ಕಣಗಳೇ ಪ್ಲಾಂಟೊಳಗೆ ಸುತ್ತುತ್ತಾ ಇರ್ತವೆ, ಸಿಲಿಂಡರಲ್ಲಿ ಮೇಲಿನ ನೀರು ಮಬ್ಬಾಗಿ ಕಾಣೋದು ಒಮ್ಮೊಮ್ಮೆ ಇದಕ್ಕೇ.

ಅದಕ್ಕೆ ಟ್ರಯಲ್ ಇಲ್ದೆ ಏನನ್ನೂ ತಗೋಬೇಡಿ. ಟ್ರಯಲ್ ಮಷೀನ್ ಬಂದಾಗ ನಿಮ್ಮ ಮಾಮೂಲಿ ಸ್ಲಡ್ಜನ್ನೇ ಕೊಡಿ, ಆವತ್ತಿಗೆ ಅಂತ ಗಟ್ಟಿ ಮಾಡಿದ್ದನ್ನ ಅಲ್ಲ, ಹೇಳಿರೋ ಕೆಪ್ಯಾಸಿಟಿಗೆ ಹತ್ರದ ಲೋಡಲ್ಲಿ ಕಮ್ಮಿ ಅಂದ್ರೂ ನಾಲ್ಕೈದು ಗಂಟೆ ಸತತವಾಗಿ ಓಡಿಸಿ. ಫೀಡ್, ಕೇಕ್, ಫಿಲ್ಟ್ರೇಟ್ ಮೂರರದ್ದೂ ಸ್ಯಾಂಪಲ್ ಅದೇ ಹೊತ್ತಲ್ಲಿ ನೀವೇ ತಗೊಂಡು ನಿಮ್ಮ ಓವನ್‌ನಲ್ಲೇ 105 ಡಿಗ್ರೀಲಿ ಒಣಗಿಸಿ ತೂಕ ಮಾಡಿ, ಅವರು ತೋರಿಸೋ ಚಿಕ್ಕ ಮೀಟರ್ ನಂಬರ್ ಬರ್ಕೋಬೇಡಿ. ಹಿಂಗೆ ಎರಡು ಮೂರು ಮಷೀನ್ ಕೇಕನ್ನ ಪಕ್ಕ ಪಕ್ಕ ಗುಡ್ಡೆ ಹಾಕಿಸಿ ಎರಡು ದಿನ ಬಿಡಿ. ಎಲ್ಲಾ 20 ಪರ್ಸೆಂಟೇ ಇದ್ರೂ ಒಂದು ಗುಡ್ಡೆ ಹಾಗೇ ನಿಂತಿರುತ್ತೆ, ಇನ್ನೊಂದು ಹರಡ್ಕೊಂಡು ಸುತ್ತ ನೀರು ಬಿಟ್ಟಿರುತ್ತೆ, ಜೋರಾಗಿ ತಿರುಗಿಸಿ ತೆಗೆದ ಕೇಕ್ ಕೆಲವು ಸಲ ಎರಡನೇ ದಿನಕ್ಕೆ ವಾಸನೆ ಜಾಸ್ತಿ ಬಿಡುತ್ತೆ. ಲಾರಿ ಡ್ರೈವರನ್ನ ಮತ್ತೆ ಕೇಕ್ ತಗೊಂಡು ಹೋಗೋರನ್ನ ಆವತ್ತೇ ಕರೆದು ಆ ಗುಡ್ಡೆಗಳನ್ನ ತೋರಿಸಿ, ಯಾವುದನ್ನ ತುಂಬಿಸ್ಕೊಳ್ತಾರೆ ಅಂತ ಕೇಳಿ, ಆಮೇಲೆ ಆರ್ಡರ್ ಹಾಕಿ.